ಹೋಪ್ ಸ್ಟ್ರೀಟಿನ ನಡಿಗೆ: ಲಿವರ್‌ಪೂಲ್‌ನ ಎರಡು ಕ್ಯಾಥೆಡ್ರಲ್‌ಗಳ ನಡುವಿನ ಯಾತ್ರೆಯ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಇಂಗ್ಲೆಂಡಿನ ಲಿವರ್‌ಪೂಲ್ ನಗರದಲ್ಲಿ ಬೇರೆ ಬೇರೆ ಪಂಗಡಗಳ ಕ್ರೈಸ್ತರು ಪಂಚಾಶತ್ತಮ ಹಬ್ಬದ (ಈಸ್ಟರ್ ಕಳೆದು ಏಳು ವಾರಕ್ಕೆ ಬರುವ ಪೆಂಟೆಕೋಸ್ಟ್) ಭಾನುವಾರ ಒಂದು ಕ್ಯಾಥೆಡ್ರಲಿನಿಂದ ಇನ್ನೊಂದಕ್ಕೆ ಒಟ್ಟಾಗಿ ನಡೆದು ಹೋಗುವ ಪದ್ಧತಿ ಇದೆ. ಅದರಲ್ಲಿ ಪಾಲ್ಗೊಳ್ಳಲು ಬಯಸುವವರಿಗೂ, ಅದರ ಹಿನ್ನೆಲೆ ತಿಳಿಯಬಯಸುವವರಿಗೂ ಸಾಮಾನ್ಯವಾಗಿ ಏಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಗಳಿವೆ. ಕೆಲವು ಉತ್ತರಗಳು ಉದ್ದವಾಗಿವೆ. ಇತಿಹಾಸವನ್ನು ಬಿಟ್ಟು ನೋಡಿದರೆ ಇದು ಹತ್ತು ನಿಮಿಷದ ವಾಯುವಿಹಾರದಂತೆ ಕಂಡೀತು ಎಂಬುದೇ ಅದಕ್ಕೆ ಕಾರಣ.

ಈ ನಡಿಗೆ ಎಂದರೆ ನಿಖರವಾಗಿ ಏನು?

ಲಿವರ್‌ಪೂಲ್‌ನಲ್ಲಿ ಎರಡು ದೊಡ್ಡ ಕ್ಯಾಥೆಡ್ರಲ್‌ಗಳಿವೆ. ಒಂದು ಆಂಗ್ಲಿಕನ್ ಸಭೆಗೆ, ಅಂದರೆ ಇಂಗ್ಲೆಂಡಿನ ಅಧಿಕೃತ ಪ್ರೊಟೆಸ್ಟೆಂಟ್ ಸಭೆಗೆ ಸೇರಿದ್ದು, ಇನ್ನೊಂದು ರೋಮನ್ ಕಥೋಲಿಕ ಸಭೆಗೆ ಸೇರಿದ್ದು. ಎರಡನ್ನೂ ಜೋಡಿಸುವ ರಸ್ತೆಯ ಹೆಸರು ಹೋಪ್ ಸ್ಟ್ರೀಟ್. ಪಂಚಾಶತ್ತಮ ಹಬ್ಬದಂದು, ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ, ಆರಾಧನೆಯ ಮೊದಲ ಭಾಗ ಒಂದು ಕ್ಯಾಥೆಡ್ರಲಿನಲ್ಲಿ ನಡೆಯುತ್ತದೆ. ಅಲ್ಲಿಂದ ಧರ್ಮಾಧ್ಯಕ್ಷರು, ಗುರುಗಳು, ಗಾಯಕವೃಂದ, ವಿಶ್ವಾಸಿಗಳು ಎಲ್ಲರೂ ಹೊರಬಂದು ಆ ಬೀದಿಯುದ್ದಕ್ಕೂ ನಡೆದು ಇನ್ನೊಂದನ್ನು ಸೇರುತ್ತಾರೆ, ಉಳಿದ ಆರಾಧನೆ ಅಲ್ಲಿ ಮುಗಿಯುತ್ತದೆ. ಆಂಗ್ಲಿಕನ್ ಮತ್ತು ಕಥೋಲಿಕರ ಜೊತೆಗೆ ಮೆಥಡಿಸ್ಟ್ ಮೊದಲಾದ ಪಂಗಡಗಳವರೂ ಇದರಲ್ಲಿ ಇರುತ್ತಾರೆ. ಯಾವ ತುದಿಯಿಂದ ಹೊರಡುವುದು, ಎಷ್ಟು ಗಂಟೆಗೆ ಎಂಬುದನ್ನು ಆಯಾ ವರ್ಷದ ಪ್ರಕಟಣೆಯಲ್ಲಿ ನೋಡಿಕೊಳ್ಳಬೇಕು.

ಅರ್ಧ ಮೈಲಿ ನಡೆಯುವುದನ್ನು ಯಾತ್ರೆ ಎಂದು ಕರೆಯಬಹುದೇ?

ದಾರಿ ಸುಮಾರು 800 ಮೀಟರ್. ಹತ್ತಾರು ದಿನ ಕಾಲು ಸವೆಸಿ ಪಾದಯಾತ್ರೆ ಮಾಡಿದವರಿಗೆ ಇದು ನಗು ತರಿಸಬಹುದು. ಆದರೆ ಯಾತ್ರೆಯನ್ನು ಮೈಲಿಗಲ್ಲುಗಳಿಂದ ಮಾತ್ರ ಅಳೆಯುವುದಾದರೆ ಈ ನಗರದ ಮಟ್ಟಿಗೆ ಲೆಕ್ಕ ತಪ್ಪುತ್ತದೆ. ಒಂದು ಕಾಲದಲ್ಲಿ ಲಿವರ್‌ಪೂಲ್‌ನ ಕೆಲವು ಬೀದಿಗಳಲ್ಲಿ ಹುಟ್ಟಿ ಬೆಳೆದವರು ಪಕ್ಕದ ಬೀದಿಯ ಚರ್ಚಿನ ಹೊಸಿಲನ್ನು ಜೀವಮಾನದಲ್ಲಿ ಒಮ್ಮೆಯೂ ತುಳಿದವರಲ್ಲ. ಮದುವೆಗೂ ಇಲ್ಲ, ಸಾವಿಗೂ ಇಲ್ಲ. ಇನ್ನೊಬ್ಬರ ಪ್ರಾರ್ಥನೆಗೆ ಹೋಗುವುದನ್ನೇ ಪಾಪವೆಂದು ಅವರಿಗೆ ಕಲಿಸಲಾಗಿತ್ತು. ಅಂಥ ಮನೆತನಗಳ ಮೊಮ್ಮಕ್ಕಳು ಈ 800 ಮೀಟರ್ ನಡೆಯುತ್ತಾರೆ ಎಂಬುದನ್ನು ನೆನಪಿಟ್ಟುಕೊಂಡರೆ ದೂರ ಅಷ್ಟೇನೂ ಕಡಿಮೆಯಲ್ಲ.

ಲಿವರ್‌ಪೂಲ್ ಒಡೆದ ನಗರವಾದದ್ದು ಹೇಗೆ? ಬೆಲ್‌ಫಾಸ್ಟ್ ನಗರದ ಕಥೋಲಿಕ-ಪ್ರೊಟೆಸ್ಟೆಂಟ್ ಜಗಳದ ಬಗ್ಗೆ ಕೇಳಿದ್ದೇವೆ, ಇದರ ಬಗ್ಗೆ ಕೇಳಿಲ್ಲ.

ಬೆಲ್‌ಫಾಸ್ಟಿನ ಕಥೆಗೂ ಇದಕ್ಕೂ ಬೇರು ಒಂದೇ: ಐರ್ಲೆಂಡ್. ಐರಿಷ್ ಸಮುದ್ರದ ಆ ದಡದಿಂದ ಹೊರಟ ಹಡಗು ಬಂದು ನಿಲ್ಲುತ್ತಿದ್ದುದು ಲಿವರ್‌ಪೂಲ್ ಬಂದರಿನಲ್ಲಿ. 1840ರ ದಶಕದಲ್ಲಿ ಐರ್ಲೆಂಡಿನ ಆಲೂಗಡ್ಡೆ ಬೆಳೆಗೆ ರೋಗ ತಗುಲಿ ಭೀಕರ ಕ್ಷಾಮ ಬಂತು. 1847ರ ಒಂದೇ ವರ್ಷದಲ್ಲಿ ಸುಮಾರು 3 ಲಕ್ಷ ಐರಿಷ್ ಜನ ಲಿವರ್‌ಪೂಲ್‌ನಲ್ಲಿ ಬಂದಿಳಿದರು. ಅವರಲ್ಲಿ ಅನೇಕರು ಅಮೆರಿಕಕ್ಕೋ ಇಂಗ್ಲೆಂಡಿನ ಬೇರೆ ಊರುಗಳಿಗೋ ಮುಂದುವರಿದರು. ಕೈಯಲ್ಲಿ ಕಾಸಿಲ್ಲದವರು, ಜ್ವರ ಹಿಡಿದವರು ಬಂದರಿನ ಹಿಂದಿನ ನೆಲಮಾಳಿಗೆಗಳಲ್ಲೇ ಉಳಿದುಬಿಟ್ಟರು. 1851ರ ಜನಗಣತಿಯ ವೇಳೆಗೆ ನಗರದ ಐವರಲ್ಲಿ ಒಬ್ಬರಿಗಿಂತ ಹೆಚ್ಚು ಜನ ಐರ್ಲೆಂಡಿನಲ್ಲಿ ಹುಟ್ಟಿದವರಾಗಿದ್ದರು. ಅವರಲ್ಲಿ ಬಹುಪಾಲು ಕಥೋಲಿಕರು. ಅವರಿಗಿಂತ ಮೊದಲೇ ಇದ್ದ ಇಂಗ್ಲಿಷ್ ಕೂಲಿಕಾರರು ಪ್ರೊಟೆಸ್ಟೆಂಟರು, ಜೊತೆಗೆ ಐರ್ಲೆಂಡಿನ ಉತ್ತರ ಭಾಗದಿಂದ ಬಂದ ಪ್ರೊಟೆಸ್ಟೆಂಟರೂ ಇದ್ದರು. ಹಡಗುಕಟ್ಟೆಯಲ್ಲಿ ಕೆಲಸ ದಿನಗೂಲಿಯದು, ಬೆಳಿಗ್ಗೆ ಹೋಗಿ ಸಾಲಿನಲ್ಲಿ ನಿಂತು ಸಿಕ್ಕರೆ ಸಿಕ್ಕಿತು. ಇರುವ ಒಂದು ರೊಟ್ಟಿಗೆ ಇಬ್ಬರು ಕೈ ಚಾಚಿದಾಗ ಧರ್ಮದ ಭೇದ ಎಷ್ಟು ಬೇಗ ಹರಿತವಾಗುತ್ತದೆ ಎಂಬುದನ್ನು ವಿವರಿಸಬೇಕಾಗಿಲ್ಲ.

ಕ್ರಮೇಣ ನಕ್ಷೆಯ ಮೇಲೆಯೇ ಗೆರೆ ಮೂಡಿತು. ನಗರದ ಉತ್ತರಕ್ಕೆ ಸ್ಕಾಟ್‌ಲೆಂಡ್ ರೋಡಿನ ಸುತ್ತ ಕಥೋಲಿಕರು, ಅದರ ಮೇಲಿನ ದಿಬ್ಬದ ನೆದರ್‌ಫೀಲ್ಡ್ ರೋಡಿನ ಸುತ್ತ ಪ್ರೊಟೆಸ್ಟೆಂಟರು. ಶಾಲೆ ಬೇರೆ, ಅಂಗಡಿ ಬೇರೆ, ಓಟು ಬೇರೆ. ಸ್ಕಾಟ್‌ಲೆಂಡ್ ರೋಡ್ ಭಾಗದ ಕ್ಷೇತ್ರ 1885ರಿಂದ 1929ರವರೆಗೆ ಟಿ. ಪಿ. ಓ'ಕಾನರ್ ಎಂಬ ಐರಿಷ್ ರಾಷ್ಟ್ರೀಯವಾದಿಯನ್ನೇ ಲಂಡನ್ನಿನ ಪಾರ್ಲಿಮೆಂಟಿಗೆ ಕಳಿಸುತ್ತಿತ್ತು. ಇಂಗ್ಲೆಂಡಿನ ನೆಲದಲ್ಲಿ ಅಂಥ ಕ್ಷೇತ್ರ ಬೇರೊಂದಿರಲಿಲ್ಲ. ಅದಕ್ಕೆ ಎದುರಾಗಿ 1922ರಲ್ಲಿ ಪ್ರೊಟೆಸ್ಟೆಂಟ್ ಪಾರ್ಟಿ ಎಂಬ ಹೆಸರಿನ ಪಕ್ಷವೇ ಹುಟ್ಟಿಕೊಂಡಿತು, ಅದರ ನಾಯಕ ಎಚ್. ಡಿ. ಲಾಂಗ್‌ಬಾಟಮ್ ಎಂಬ ಪಾದ್ರಿ 1950ರಲ್ಲಿ ನಗರದ ಲಾರ್ಡ್ ಮೇಯರ್ ಕೂಡ ಆದರು.

ಇಷ್ಟಾದರೂ ಎಲ್ಲವೂ ಕತ್ತಲೆಯೇ ಆಗಿರಲಿಲ್ಲ. 1847ರಲ್ಲಿ ಟೈಫಸ್ ಜ್ವರ ಹಬ್ಬಿದಾಗ ರೋಗಿಗಳ ಪಕ್ಕದಲ್ಲಿ ಕುಳಿತು ಸೇವೆ ಮಾಡಿದ 10 ಮಂದಿ ಕಥೋಲಿಕ ಗುರುಗಳು ಅದೇ ಜ್ವರಕ್ಕೆ ಬಲಿಯಾದರು. ಅದೇ ಓಣಿಗಳಲ್ಲಿ ಬಡವರ ಸೇವೆಗೆಂದೇ ನೇಮಕಗೊಂಡಿದ್ದ ಜಾನ್ ಜಾನ್ಸ್ ಎಂಬ ಯೂನಿಟೇರಿಯನ್ ಪಾದ್ರಿಯೂ ಅದೇ ವರ್ಷ ಅದೇ ಕಾಯಿಲೆಯಿಂದ ತೀರಿಕೊಂಡರು. ಹೋಪ್ ಸ್ಟ್ರೀಟಿನ ನಡಿಗೆಗೆ ಪೂರ್ವಜರನ್ನು ಹುಡುಕುವುದಾದರೆ ನಾನು ಮೊದಲು ಹೋಗುವುದು ಇವರ ಬಳಿಗೆ.

ನಡಿಗೆಯನ್ನೇ ಏಕೆ ಆರಿಸಿಕೊಂಡರು? ಒಂದೆಡೆ ಕುಳಿತು ಪ್ರಾರ್ಥಿಸಿದರೆ ಸಾಲದೇ?

ಈ ಪ್ರಶ್ನೆಯ ಉತ್ತರದಲ್ಲೇ ಇಡೀ ವಿಷಯದ ತಿರುಳು ಇದೆ ಎಂದು ನನ್ನ ಅಭಿಪ್ರಾಯ. ಲಿವರ್‌ಪೂಲ್‌ನಲ್ಲಿ ಜಗಳಕ್ಕೆ ಕಿಡಿ ಹೊತ್ತಿಸುತ್ತಿದ್ದುದೇ ಮೆರವಣಿಗೆ. ಆರೆಂಜ್ ಲಾಡ್ಜ್ ಎಂಬುದು ಪ್ರೊಟೆಸ್ಟೆಂಟರ ಸಂಘ. 1690ರ ಬಾಯ್ನ್ ಕದನದಲ್ಲಿ ಪ್ರೊಟೆಸ್ಟೆಂಟ್ ರಾಜ ವಿಲಿಯಂ ಕಥೋಲಿಕ ರಾಜ ಜೇಮ್ಸನನ್ನು ಸೋಲಿಸಿದ ನೆನಪಿಗೆ ಅವರು ಪ್ರತಿ ಜುಲೈ 12ರಂದು ಡೋಲು, ಕೊಳಲು, ಬಾವುಟಗಳೊಡನೆ ಮೆರವಣಿಗೆ ಹೊರಡುತ್ತಾರೆ. ಲಿವರ್‌ಪೂಲ್‌ನಲ್ಲಿ 1819ರಲ್ಲಿ ಹೊರಟ ಮೊದಲ ಆರೆಂಜ್ ಮೆರವಣಿಗೆಯೇ ಹೊಡೆದಾಟದಲ್ಲಿ ಮುಗಿಯಿತು. ಅಲ್ಲಿಂದ ಮುಂದೆ ನೂರು ವರ್ಷ ಕಾಲ ಯಾರ ಮೆರವಣಿಗೆ ಯಾರ ಬೀದಿಯಲ್ಲಿ ಹಾಯಬೇಕು, ಯಾರ ಚರ್ಚಿನ ಎದುರು ಡೋಲು ಜೋರಾಗಿ ಬಾರಿಸಬಾರದು ಎಂಬುದು ಪೊಲೀಸರ ನಿದ್ದೆಗೆಡಿಸುವ ವಿಷಯವಾಗಿತ್ತು. 1909ರ ಜೂನ್‌ನಲ್ಲಿ ಹೋಲಿ ಕ್ರಾಸ್ ಧರ್ಮಕೇಂದ್ರದ ಕಥೋಲಿಕರು ತಮ್ಮ ಹಬ್ಬದ ಮೆರವಣಿಗೆ ಹೊರಡಿಸಿದಾಗ ಎದ್ದ ಗಲಭೆ ಎಷ್ಟು ಬೆಳೆಯಿತೆಂದರೆ, ತಮ್ಮವರಲ್ಲದವರ ಬೀದಿಯಲ್ಲಿದ್ದ ಕುಟುಂಬಗಳು ಎರಡೂ ಕಡೆ ಮನೆ ಖಾಲಿ ಮಾಡಬೇಕಾಯಿತು, ಪೊಲೀಸರ ವರ್ತನೆಯ ಬಗ್ಗೆ ವಿಚಾರಣೆ ನಡೆಸಲು ಪಾರ್ಲಿಮೆಂಟು ಪ್ರತ್ಯೇಕ ಕಾಯ್ದೆಯನ್ನೇ ಮಾಡಬೇಕಾಯಿತು.

ನಮ್ಮ ಬೀದಿಯಲ್ಲಿ ನಮ್ಮ ಬಾವುಟ ಹೊತ್ತು ನಡೆಯುವುದು ಎಂದರೆ ಇದು ನಮ್ಮ ಜಾಗ ಎಂದು ಸಾರುವುದು. ಅವರ ಬೀದಿಯಲ್ಲಿ ನಡೆಯುವುದು ಎಂದರೆ ಕೆಣಕುವುದು. ಕಾಲು ಎತ್ತಿಡುವುದಕ್ಕೇ ಇಂಥ ಅರ್ಥ ಬಂದುಬಿಟ್ಟಿದ್ದ ಊರಿನಲ್ಲಿ, ರಾಜಿಯನ್ನು ಕೋಣೆಯೊಳಗೆ ಕುಳಿತು ಬರೆದರೆ ಅದು ಬೀದಿಗೆ ತಲುಪುತ್ತಿರಲಿಲ್ಲ. ಅದೇ ಬೀದಿಗಿಳಿದು, ಶಿಲುಬೆ ಹಿಡಿದು, ಹಾಡುತ್ತ ನಡೆಯಬೇಕಿತ್ತು, ಆದರೆ ಎರಡೂ ಕಡೆಯವರು ಒಂದೇ ಸಾಲಿನಲ್ಲಿ.

ಎರಡು ಕ್ಯಾಥೆಡ್ರಲ್‌ಗಳು ಒಂದೇ ಬೀದಿಯ ಎರಡು ತುದಿಗೆ ಬಂದದ್ದು ಯೋಜಿಸಿ ಮಾಡಿದ್ದೇ?

ಇಲ್ಲ. ಬೀದಿಗೆ ಹೋಪ್ ಎಂಬ ಹೆಸರು ಬಂದದ್ದೂ 'ಭರವಸೆ' ಎಂಬ ಅರ್ಥದಿಂದಲ್ಲ. ಕ್ಯಾಥೆಡ್ರಲ್‌ಗಳು ಬರುವುದಕ್ಕೆ ಬಹಳ ಮೊದಲೇ ಅಲ್ಲಿದ್ದ ವಿಲಿಯಂ ಹೋಪ್ ಎಂಬ ವ್ಯಾಪಾರಿಯ ಹೆಸರು ಅದು. ಭಾಷಣಕಾರರು ಈ ಹೆಸರನ್ನು ಹಿಡಿದು ಎಷ್ಟೋ ಸಲ ಚಮತ್ಕಾರ ಮಾಡಿದ್ದಾರೆ, ವ್ಯಾಪಾರಿಯ ಪಾಲಿಗೆ ಇದು ಅಗ್ಗದಲ್ಲಿ ಸಿಕ್ಕ ಅಮರತ್ವ.

ಆಂಗ್ಲಿಕನ್ ಕ್ಯಾಥೆಡ್ರಲಿಗೆ 1904ರಲ್ಲಿ ದೊರೆ ಏಳನೆಯ ಎಡ್ವರ್ಡ್ ಅಡಿಗಲ್ಲು ಇಟ್ಟರು. ಕೆಂಪು ಮರಳುಗಲ್ಲಿನ ಆ ಬೃಹತ್ ಕಟ್ಟಡ ಎರಡು ಮಹಾಯುದ್ಧಗಳನ್ನು ದಾಟಿ ಪೂರ್ಣಗೊಂಡದ್ದು 1978ರಲ್ಲಿ. ಸ್ಪರ್ಧೆಯಲ್ಲಿ ಗೆದ್ದು ಅದರ ವಿನ್ಯಾಸ ಮಾಡಿದ ಗೈಲ್ಸ್ ಗಿಲ್ಬರ್ಟ್ ಸ್ಕಾಟ್‌ಗೆ ಆಗ 22 ವರ್ಷ. ಬ್ರಿಟನ್ನಿನ ಪ್ರಸಿದ್ಧ ಕೆಂಪು ಟೆಲಿಫೋನ್ ಪೆಟ್ಟಿಗೆಯ ವಿನ್ಯಾಸವೂ ಅವರದೇ. ಅವರು ಕಥೋಲಿಕರು.

ಕಥೋಲಿಕರು 1930ರಲ್ಲಿ ಕೊಂಡ ಜಾಗ ಬ್ರೌನ್‌ಲೋ ಹಿಲ್‌ನ ಹಳೆಯ ವರ್ಕ್‌ಹೌಸಿನದು. ವರ್ಕ್‌ಹೌಸ್ ಎಂದರೆ ಗತಿಯಿಲ್ಲದವರನ್ನು ಸೇರಿಸಿಕೊಂಡು ದುಡಿಸಿ ಅನ್ನ ಹಾಕುತ್ತಿದ್ದ ಸರ್ಕಾರಿ ಬಡವರ ಮನೆ. ಕ್ಷಾಮದ ಕಾಲದಲ್ಲಿ ಬಂದ ಐರಿಷರ ಪೈಕಿ ಅನೇಕರ ಕೊನೆಯ ಹಾಸಿಗೆ ಅಲ್ಲಿಯೇ ಇತ್ತು. ಅವರ ಮಕ್ಕಳು, ಮೊಮ್ಮಕ್ಕಳು ಕೂಲಿಯಲ್ಲಿ ಉಳಿಸಿದ ಪೆನ್ನಿಗಳಿಂದ ಆ ನೆಲದ ಮೇಲೆ ಕ್ಯಾಥೆಡ್ರಲ್ ಏಳಬೇಕಿತ್ತು. ಅದಕ್ಕೆ ಮೊದಲ ವಿನ್ಯಾಸ ಮಾಡಿದವರು ನವದೆಹಲಿಯನ್ನು ರೂಪಿಸಿದ ಎಡ್ವಿನ್ ಲುಟ್ಯೆನ್ಸ್. ರೋಮಿನ ಸಂತ ಪೇತ್ರರ ಮಹಾದೇವಾಲಯದ್ದಕ್ಕಿಂತ ಅಗಲವಾದ ಗುಮ್ಮಟವನ್ನು ಅವರು ಕನಸಿದ್ದರು. ಹಣ ಸಾಲದೆ ನೆಲಮಾಳಿಗೆಯ ಭಾಗ ಮಾತ್ರ ಮುಗಿಯಿತು. ಆಮೇಲೆ ಕಥೋಲಿಕರಲ್ಲದ ಫ್ರೆಡರಿಕ್ ಗಿಬರ್ಡ್ ಅವರ ಆಧುನಿಕ ವಿನ್ಯಾಸದಂತೆ, ಡೇರೆಯ ಆಕಾರದ ದುಂಡನೆಯ ಕಾಂಕ್ರೀಟ್ ದೇವಾಲಯ ಐದೇ ವರ್ಷದಲ್ಲಿ ಎದ್ದು, 1967ರ ಮೇ 14ರಂದು ಪ್ರತಿಷ್ಠೆಯಾಯಿತು. ಅದೂ ಪಂಚಾಶತ್ತಮ ಹಬ್ಬದ ದಿನವೇ. ಅವಸರದ ಕೆಲಸದ ಫಲವೆಂಬಂತೆ ಅದರ ಮಾಡು ಬೇಗನೆ ಸೋರತೊಡಗಿ, ವಿಷಯ ಕೋರ್ಟಿನವರೆಗೂ ಹೋಯಿತು ಎಂಬುದು ಬೇರೆ ಕಥೆ.

ಆಂಗ್ಲಿಕನ್ನರದನ್ನು ಕಥೋಲಿಕ ಕಟ್ಟಿದ, ಕಥೋಲಿಕರದನ್ನು ಕಥೋಲಿಕನಲ್ಲದವ ಕಟ್ಟಿದ ಎಂದು ಲಿವರ್‌ಪೂಲ್‌ನವರು ಇಂದು ಸಂತೋಷದಿಂದ ಹೇಳಿಕೊಳ್ಳುತ್ತಾರೆ. ಕಟ್ಟುವಾಗ ಅದನ್ನು ಐಕ್ಯದ ಗುರುತೆಂದು ಯಾರೂ ಭಾವಿಸಿರಲಿಲ್ಲ.

ಇಬ್ಬರು ಬಿಷಪ್‌ಗಳ ಹೆಸರು ಸದಾ ಜೊತೆಯಾಗಿ ಕೇಳಿಬರುತ್ತದೆ. ಅವರು ಯಾರು?

ಡೇವಿಡ್ ಶೆಪರ್ಡ್ 1975ರಲ್ಲಿ ಲಿವರ್‌ಪೂಲ್‌ನ ಆಂಗ್ಲಿಕನ್ ಬಿಷಪ್ ಆಗಿ ಬಂದರು, ಡೆರೆಕ್ ವರ್ಲಾಕ್ 1976ರಲ್ಲಿ ಕಥೋಲಿಕ ಮಹಾಧರ್ಮಾಧ್ಯಕ್ಷರಾಗಿ ಬಂದರು. ಶೆಪರ್ಡ್ ಇಂಗ್ಲೆಂಡ್ ಪರ 22 ಟೆಸ್ಟ್ ಆಡಿದ ಕ್ರಿಕೆಟಿಗ. ನಮ್ಮ ಹಿರಿಯ ಕ್ರಿಕೆಟ್ ಪ್ರೇಮಿಗಳಿಗೆ 1952ರಲ್ಲಿ ಓವಲ್‌ನಲ್ಲಿ ಭಾರತದ ವಿರುದ್ಧ 119 ರನ್ ಹೊಡೆದ ಆರಂಭಿಕ ಆಟಗಾರ ಎಂದರೆ ಗುರುತು ಸಿಕ್ಕೀತು. ವರ್ಲಾಕ್ 1960ರ ದಶಕದಲ್ಲಿ ಕಥೋಲಿಕ ಬಿಷಪ್‌ಗಳೆಲ್ಲ ಸೇರಿದ್ದ ಎರಡನೆಯ ವ್ಯಾಟಿಕನ್ ಮಹಾಸಭೆಯ ಒಡನಾಟದಿಂದ ಬಂದವರು, ಕಡತ ಮತ್ತು ಸಮಿತಿಗಳ ಮನುಷ್ಯ. ಇಬ್ಬರ ಸ್ವಭಾವ ಬೇರೆ ಬೇರೆ. ಆದರೂ ನಗರದಲ್ಲಿ ಕಾರ್ಖಾನೆಗಳು ಒಂದೊಂದಾಗಿ ಬಾಗಿಲು ಹಾಕುತ್ತಿದ್ದಾಗ, 1981ರ ಜುಲೈಯಲ್ಲಿ ಗಲಭೆಯೆದ್ದು ನಗರದ ಬಡಾವಣೆ ಟಾಕ್ಸ್‌ಟೆತ್ ಹೊತ್ತಿ ಉರಿದಾಗ, ಒಬ್ಬರು ಹೇಳಿಕೆ ಕೊಟ್ಟರೆ ಅದರ ಕೆಳಗೆ ಇನ್ನೊಬ್ಬರ ಸಹಿಯೂ ಇರುತ್ತಿತ್ತು. ಒಂಟಿಯಾಗಿ ಮಾಡಲೇಬೇಕಾದ್ದನ್ನು ಬಿಟ್ಟು ಉಳಿದದ್ದೆಲ್ಲವನ್ನೂ ಜೊತೆಯಾಗಿ ಮಾಡುವುದು ಅವರ ಕ್ರಮವಾಗಿತ್ತು.

ಜನ ಅವರನ್ನು 'ಫಿಶ್ ಆ್ಯಂಡ್ ಚಿಪ್ಸ್' ಎಂದು ಕರೆಯುತ್ತಿದ್ದರು: ಸದಾ ಜೊತೆಗೇ, ಸದಾ ಪೇಪರಿನೊಳಗೇ. ನಮ್ಮಲ್ಲಿ ಕಡಲೆಕಾಯಿಯನ್ನು ಹಳೆಯ ಪೇಪರಿನಲ್ಲಿ ಕಟ್ಟಿಕೊಡುವಂತೆ ಅಲ್ಲಿ ಕರಿದ ಮೀನನ್ನೂ ಆಲೂಗಡ್ಡೆಯನ್ನೂ ಕಟ್ಟಿಕೊಡುತ್ತಿದ್ದರು ಎಂಬುದು ಗೊತ್ತಿದ್ದರೆ ತಮಾಷೆ ಅರ್ಥವಾಗುತ್ತದೆ. ವರ್ಲಾಕ್ 1996ರಲ್ಲಿ, ಶೆಪರ್ಡ್ 2005ರಲ್ಲಿ ತೀರಿಕೊಂಡರು.

1982ರಲ್ಲಿ ಪೋಪ್ ಬಂದಾಗ ಏನಾಯಿತು?

ಆ ಭೇಟಿ ಎಷ್ಟು ದೊಡ್ಡದೆಂದು ತಿಳಿಯಲು ಹಿಂದಿನ ಎರಡು ಘಟನೆಗಳು ಸಾಕು. 1958ರಲ್ಲಿ ಕಥೋಲಿಕ ಮಹಾಧರ್ಮಾಧ್ಯಕ್ಷ ಜಾನ್ ಹೀನನ್ ಪ್ರೊಟೆಸ್ಟೆಂಟ್ ಪ್ರದೇಶದಲ್ಲಿ ಕಾಯಿಲೆ ಬಿದ್ದಿದ್ದ ವೃದ್ಧೆಯೊಬ್ಬರನ್ನು ನೋಡಲು ಹೋದಾಗ ಅವರ ಮೇಲೆ ಕಲ್ಲು ತೂರಿದರು. 1982ರ ಮಾರ್ಚಿಯಲ್ಲಿ, ಪೋಪ್ ಬರುವುದಕ್ಕೆ ಎರಡೂವರೆ ತಿಂಗಳ ಮುಂಚೆ, ಆಂಗ್ಲಿಕನ್ ಸಭೆಯ ಮುಖ್ಯಸ್ಥರಾದ ಕ್ಯಾಂಟರ್‌ಬರಿಯ ಆರ್ಚ್‌ಬಿಷಪ್ ರಾಬರ್ಟ್ ರನ್ಸಿ ಲಿವರ್‌ಪೂಲ್‌ನ ಚರ್ಚಿನಲ್ಲಿ ಮಾತನಾಡಲು ನಿಂತಾಗ, ಪೋಪ್ ಭೇಟಿಯನ್ನು ವಿರೋಧಿಸುವವರು ಕೂಗಾಡಿ ಮಾತು ಮುಂದುವರಿಯಲು ಬಿಡಲಿಲ್ಲ.

ಮೇ 30, ಮತ್ತೆ ಪಂಚಾಶತ್ತಮ ಭಾನುವಾರ. ಎರಡನೆಯ ಜಾನ್ ಪಾಲ್ ಮೊದಲು ಹೋದದ್ದು ತಮ್ಮ ಸಭೆಯ ಕ್ಯಾಥೆಡ್ರಲಿಗಲ್ಲ, ಆಂಗ್ಲಿಕನ್ ಕ್ಯಾಥೆಡ್ರಲಿಗೆ. ಅವರು ಬಾಗಿಲು ದಾಟಿ ಒಳಗೆ ಕಾಲಿಟ್ಟಾಗ ನೆರೆದಿದ್ದವರು ಎದ್ದು ನಿಂತು ಚಪ್ಪಾಳೆ ತಟ್ಟಿದರು, ಆ ಚಪ್ಪಾಳೆ ಬಹಳ ಹೊತ್ತು ಮುಂದುವರಿಯಿತು. ಅಲ್ಲಿ ಪ್ರಾರ್ಥನೆ ಮುಗಿಸಿ, ಹೋಪ್ ಸ್ಟ್ರೀಟಿನ ಎರಡೂ ಬದಿ ತುಂಬಿದ್ದ ಜನರ ನಡುವೆ ಸಾಗಿ ಕಥೋಲಿಕ ಕ್ಯಾಥೆಡ್ರಲಿನಲ್ಲಿ ಬಲಿಪೂಜೆ (ರೊಟ್ಟಿ ಮತ್ತು ದ್ರಾಕ್ಷಾರಸವನ್ನು ಅರ್ಪಿಸುವ ಮುಖ್ಯ ಆರಾಧನೆ) ಅರ್ಪಿಸಿದರು. ಅಂದು ಅವರು ವಾಹನದಲ್ಲಿದ್ದರು, ನಡೆಯಲಿಲ್ಲ. ಆದರೂ ಈ ಯಾತ್ರೆಯ ದಾರಿ ಜನರ ಮನಸ್ಸಿನಲ್ಲಿ ಅಚ್ಚೊತ್ತಿದ್ದು ಅಂದೇ.

1985ರ ಒಡಂಬಡಿಕೆ ಎಂದರೆ ಯಾವುದು?

1985ರ ಮೇ 26ರ ಪಂಚಾಶತ್ತಮ ಹಬ್ಬದಂದು ಲಿವರ್‌ಪೂಲ್ ಮತ್ತು ಅದರ ಸುತ್ತಲಿನ ಮರ್ಸಿಸೈಡ್ ಪ್ರದೇಶದ ಸಭೆಗಳ ನಾಯಕರು ಸಾಧ್ಯವಾದಷ್ಟನ್ನು ಒಟ್ಟಾಗಿ ಮಾಡುತ್ತೇವೆ ಎಂಬ ಒಡಂಬಡಿಕೆಗೆ ಸಹಿ ಹಾಕಿದರು. ಅಂದಿನ ಆರಾಧನೆಯೂ ಎರಡು ಕ್ಯಾಥೆಡ್ರಲ್‌ಗಳಿಗೆ ಹಂಚಿಕೊಂಡಿತ್ತು. ಇಂದು ಆ ಕೆಲಸವನ್ನು ಮುಂದುವರಿಸುತ್ತಿರುವುದು ಮರ್ಸಿಸೈಡ್ ಪ್ರದೇಶದ 'ಚರ್ಚಸ್ ಟುಗೆದರ್' ಎಂಬ ಒಕ್ಕೂಟ.

ಇಷ್ಟು ಹತ್ತಿರವಾದ ಮೇಲೂ ಒಟ್ಟಿಗೆ ಬಲಿಪೂಜೆ ಏಕೆ ಇಲ್ಲ?

ನಡಿಗೆಯಲ್ಲಿ ಪಾಲ್ಗೊಳ್ಳುವ ಅನೇಕರು ಕೇಳುವ ಪ್ರಶ್ನೆ ಇದು, ಅದನ್ನು ತೇಲಿಸಿಬಿಡುವುದು ಸರಿಯಲ್ಲ. ಕಥೋಲಿಕ ಸಭೆಯ ಬೋಧನೆಯಂತೆ, ಬಲಿಪೂಜೆಯಲ್ಲಿ ಕೊಡುವ ಪರಮಪ್ರಸಾದದ ಸ್ವೀಕಾರವು ವಿಶ್ವಾಸದಲ್ಲೂ ಸಭೆಯ ಬದುಕಿನಲ್ಲೂ ಪೂರ್ಣವಾಗಿ ಒಂದಾಗಿರುವುದರ ಗುರುತು. ಒಂದಾಗುವ ಮೊದಲೇ ಒಂದಾದಂತೆ ನಡೆದುಕೊಳ್ಳುವುದನ್ನು ಅದು ಒಪ್ಪುವುದಿಲ್ಲ. ಮೇಲಾಗಿ 1896ರಲ್ಲಿ ಪೋಪ್ ಹದಿಮೂರನೆಯ ಲಿಯೋ ಆಂಗ್ಲಿಕನ್ ಗುರುದೀಕ್ಷೆ ಸಿಂಧುವಲ್ಲ ಎಂದು ಘೋಷಿಸಿದ್ದು ಇಂದಿಗೂ ಹಿಂತೆಗೆತವಾಗಿಲ್ಲ. ಇಂಗ್ಲೆಂಡಿನಲ್ಲಿ 1994ರಿಂದ ಆಂಗ್ಲಿಕನ್ ಸಭೆ ಸ್ತ್ರೀಯರಿಗೂ ಗುರುದೀಕ್ಷೆ ಕೊಡುತ್ತಿದೆ, ಕಥೋಲಿಕ ಸಭೆ ಕೊಡುವುದಿಲ್ಲ. ಆದ್ದರಿಂದ ಈ ದಿನದ ಆರಾಧನೆಯಲ್ಲಿ ಬೈಬಲ್ ವಾಚನ, ಪ್ರಾರ್ಥನೆ, ಗೀತೆ, ಪ್ರಬೋಧನೆ ಇರುತ್ತವೆ, ರೊಟ್ಟಿ ಮತ್ತು ದ್ರಾಕ್ಷಾರಸ ಇರುವುದಿಲ್ಲ.

ಇದನ್ನು ಕೊರತೆ ಎಂದು ಹೇಳುವವರಿದ್ದಾರೆ, ಅವರ ನೋವು ನಿಜವಾದದ್ದು. ವಿಶೇಷವಾಗಿ ಗಂಡ ಒಂದು ಪಂಗಡ, ಹೆಂಡತಿ ಇನ್ನೊಂದು ಪಂಗಡವಾಗಿರುವ ಮನೆಗಳಲ್ಲಿ ಪ್ರತಿ ಭಾನುವಾರದ ಪ್ರಶ್ನೆ ಇದು. ಆದರೆ ಒಂದು ಪಂಕ್ತಿಯಲ್ಲಿ ಕೂರಲು ಆಗದವರು ಏನು ಮಾಡಬಹುದು ಎಂಬುದಕ್ಕೆ ನಡಿಗೆ ಕೊಟ್ಟ ಉತ್ತರ ಪ್ರಾಮಾಣಿಕವಾಗಿದೆ. ಆರಾಧನೆ ಒಬ್ಬರ ಮನೆಯಲ್ಲೇ ಶುರುವಾಗಿ ಮುಗಿಯುವುದಿಲ್ಲ. ಆತಿಥ್ಯ ಕೊಟ್ಟವರೇ ಅರ್ಧ ಗಂಟೆಯಲ್ಲಿ ಅತಿಥಿಗಳಾಗುತ್ತಾರೆ.

ನಗರದ ಜಗಳ ನಿಂತದ್ದು ಈ ನಡಿಗೆಯಿಂದಲೇ?

ಹಾಗೆ ಹೇಳಿದರೆ ಅತಿಶಯೋಕ್ತಿಯಾಗುತ್ತದೆ. 1950 ಮತ್ತು 60ರ ದಶಕಗಳಲ್ಲಿ ಹಳೆಯ ಕೊಳೆಗೇರಿಗಳನ್ನು ಕೆಡವಿ, ಸ್ಕಾಟ್‌ಲೆಂಡ್ ರೋಡಿನವರನ್ನೂ ನೆದರ್‌ಫೀಲ್ಡ್ ರೋಡಿನವರನ್ನೂ ಕರ್ಕ್‌ಬಿ, ಸ್ಪೀಕ್ ಮುಂತಾದ ಹೊಸ ಬಡಾವಣೆಗಳಿಗೆ ಸಾಗಿಸಿದರು. ಅಲ್ಲಿ ಪಕ್ಕದ ಮನೆಗೆ ಯಾರು ಬಂದರು ಎಂಬುದು ಹಂಚಿಕೆ ಪಟ್ಟಿಯ ಮೇಲೆ ನಿಂತಿತ್ತು, ಧರ್ಮದ ಮೇಲಲ್ಲ. ಜಗಳವಾಡಲು ಬೀದಿಗಳೇ ಉಳಿಯಲಿಲ್ಲ. 1962ರಿಂದ 65ರವರೆಗೆ ನಡೆದ ಎರಡನೆಯ ವ್ಯಾಟಿಕನ್ ಮಹಾಸಭೆ ಇತರ ಸಭೆಗಳವರೊಡನೆ ಪ್ರಾರ್ಥಿಸಲು ಕಥೋಲಿಕರಿಗೆ ಬಾಗಿಲು ತೆರೆಯಿತು. ಚರ್ಚಿಗೆ ಹೋಗುವವರೇ ಕಡಿಮೆಯಾದಂತೆ, ಯಾವ ಚರ್ಚು ಎಂದು ಹೊಡೆದಾಡುವವರೂ ಕಡಿಮೆಯಾದರು. ಮೂರನೆಯದನ್ನು ಬಿಷಪ್‌ಗಳು ಹೆಮ್ಮೆಯಿಂದ ಹೇಳಿಕೊಳ್ಳಲಾರರು.

ಹಾಗಾದರೆ ನಡಿಗೆಯ ಪಾಲೇನು? ಜಗಳ ತಣ್ಣಗಾದ ಮಾತ್ರಕ್ಕೆ ಸ್ನೇಹ ತಾನಾಗಿ ಬರುವುದಿಲ್ಲ. ಪಕ್ಕದ ಮನೆಯವರೊಡನೆ ಜಗಳವೂ ಇಲ್ಲದೆ ಮಾತೂ ಇಲ್ಲದೆ ಮೂವತ್ತು ವರ್ಷ ಕಳೆಯಬಹುದು. 1989ರ ಏಪ್ರಿಲ್ 15ರಂದು ಶೆಫೀಲ್ಡಿನ ಹಿಲ್ಸ್‌ಬರೋ ಮೈದಾನದಲ್ಲಿ ನೂಕುನುಗ್ಗಲಿಗೆ ಸಿಲುಕಿ ಲಿವರ್‌ಪೂಲ್ ತಂಡದ ಅಭಿಮಾನಿಗಳು ಸತ್ತರು. ಆ ದುರಂತದಲ್ಲಿ ಸತ್ತವರ ಸಂಖ್ಯೆ ಇಂದು 97 ಎಂದು ದಾಖಲಾಗಿದೆ. ಮರುದಿನ ಸಂಜೆ ಕಥೋಲಿಕ ಕ್ಯಾಥೆಡ್ರಲಿನಲ್ಲಿ ಸತ್ತವರಿಗಾಗಿ ಬಲಿಪೂಜೆ ನಡೆದಾಗ ಒಳಗೆ ಜಾಗ ಸಿಗದ ಸಾವಿರಾರು ಜನ ಹೊರಗೆ ನಿಂತಿದ್ದರು. ಅಲ್ಲಿಗೆ ಹೋಗಬಹುದೇ ಎಂದು ಯೋಚಿಸುವ ಅಗತ್ಯ ಅಂದು ಯಾರಿಗೂ ಬೀಳಲಿಲ್ಲ. ಮೂವತ್ತು ವರ್ಷ ಮೊದಲಾಗಿದ್ದರೆ ಅರ್ಧ ಊರು ಯೋಚಿಸಬೇಕಾಗುತ್ತಿತ್ತು.

ಶಿಕ್ಷಣದಲ್ಲೂ ಫಲ ಕಾಣಬಹುದು. ಆಂಗ್ಲಿಕನ್ ಮತ್ತು ಕಥೋಲಿಕ ಶಿಕ್ಷಕ ತರಬೇತಿ ಕಾಲೇಜುಗಳು ಸೇರಿ ರೂಪುಗೊಂಡ ಸಂಸ್ಥೆಯೇ ಇಂದಿನ ಲಿವರ್‌ಪೂಲ್ ಹೋಪ್ ವಿಶ್ವವಿದ್ಯಾಲಯ, ಅದರ ಹೆಸರು ಬಂದದ್ದು ಇದೇ ಬೀದಿಯಿಂದ.

ಆರೆಂಜ್ ಲಾಡ್ಜ್ ಈಗಲೂ ಇದೆಯೇ?

ಇದೆ. ಜುಲೈ 12ರಂದು ಲಿವರ್‌ಪೂಲ್‌ನ ಆರೆಂಜ್ ತಂಡಗಳು ಇಂದಿಗೂ ಸಮುದ್ರತೀರದ ಸೌತ್‌ಪೋರ್ಟಿಗೆ ಹೋಗಿ ಮೆರವಣಿಗೆ ಮಾಡುತ್ತವೆ. ಡೋಲು ಅದೇ, ಭಯ ಮಾತ್ರ ಅಂದಿನದಲ್ಲ.

ಕ್ರೈಸ್ತರಲ್ಲದವರು ನಡೆಯಬಹುದೇ?

ನಡೆಯಬಹುದು. ಹೋಪ್ ಸ್ಟ್ರೀಟ್ ಸಾರ್ವಜನಿಕ ರಸ್ತೆ, ಎರಡೂ ಕ್ಯಾಥೆಡ್ರಲ್‌ಗಳ ಬಾಗಿಲು ಎಲ್ಲರಿಗೂ ತೆರೆದಿರುತ್ತದೆ. ಹಾಡಲೇಬೇಕು, ಪ್ರಾರ್ಥನೆ ಹೇಳಲೇಬೇಕು ಎಂಬ ಒತ್ತಾಯವಿಲ್ಲ. ಎಲ್ಲರೂ ಎದ್ದು ನಿಂತಾಗ ಎದ್ದು ನಿಲ್ಲುವುದು, ಮೌನದ ಹೊತ್ತಿನಲ್ಲಿ ಮೊಬೈಲ್ ಆರಿಸಿಡುವುದು ಸಾಕು. ಪಾದರಕ್ಷೆ ಕಳಚಬೇಕಾಗಿಲ್ಲ.

ಏನು ಸಿದ್ಧತೆ ಬೇಕು?

ಪಂಚಾಶತ್ತಮ ಹಬ್ಬ ಈಸ್ಟರಿನ ನಂತರದ ಏಳನೆಯ ಭಾನುವಾರ, ಆದ್ದರಿಂದ ಅದು ಮೇ 10ರಿಂದ ಜೂನ್ 13ರೊಳಗೆ ಯಾವಾಗ ಬೇಕಾದರೂ ಬರಬಹುದು. ಇಂಗ್ಲೆಂಡಿನಲ್ಲಿ ಅದು ಬೇಸಿಗೆ ಎಂದು ನಂಬಿ ತೆಳು ಅಂಗಿಯಲ್ಲಿ ಬರಬೇಡಿ. ಎರಡೂ ಕ್ಯಾಥೆಡ್ರಲ್‌ಗಳು ಏಣಿನ ಮೇಲಿವೆ, ಮರ್ಸಿ ನದಿಯ ಕಡೆಯಿಂದ ಗಾಳಿ ನೇರವಾಗಿ ಬಂದು ಹೊಡೆಯುತ್ತದೆ. ಈ ಗಾಳಿಗೆ ಕೊಡೆಗಿಂತ ಮಳೆಯಂಗಿ ವಾಸಿ. ರಸ್ತೆ ಬಹುತೇಕ ಸಮತಟ್ಟಾಗಿದೆ. ಕಥೋಲಿಕ ಕ್ಯಾಥೆಡ್ರಲಿನ ಎದುರು ಮಾತ್ರ ಅಗಲವಾದ ಮೆಟ್ಟಿಲುಗಳ ಸಾಲು ಇದೆ, ಗಾಲಿಕುರ್ಚಿಯವರೂ ಮೊಣಕಾಲು ನೋವಿನವರೂ ಬೇರೆ ಪ್ರವೇಶದ್ವಾರದ ಬಗ್ಗೆ ಮೊದಲೇ ವಿಚಾರಿಸಿಕೊಳ್ಳುವುದು ಒಳ್ಳೆಯದು.

ಕನ್ನಡ ನಾಡಿಗೂ ಇದಕ್ಕೂ ಏನಾದರೂ ನಂಟಿದೆಯೇ?

ನೇರವಾದ ನಂಟಿಲ್ಲ, ಆದರೆ ಕನ್ನಡದ ಪ್ರೊಟೆಸ್ಟೆಂಟರು ಈ ನಡಿಗೆಯಲ್ಲಿ ಸೇರಿಕೊಂಡಾಗ ಅವರಿಗೊಂದು ವಿಚಿತ್ರ ಕಾಣುತ್ತದೆ. ಇಂಗ್ಲೆಂಡಿನಲ್ಲಿ ಆಂಗ್ಲಿಕನ್ನರು ಬೇರೆ, ಮೆಥಡಿಸ್ಟರು ಬೇರೆ. ಅವರನ್ನು ಒಂದುಗೂಡಿಸುವ ಯೋಜನೆ 1972ರಲ್ಲಿ ಆಂಗ್ಲಿಕನ್ ಸಭೆಯ ಮಹಾಸಭೆಯಲ್ಲಿ ಬೇಕಾದಷ್ಟು ಮತ ಸಿಗದೆ ಬಿದ್ದುಹೋಯಿತು. ನಮ್ಮಲ್ಲಾದರೋ 1919ರಲ್ಲಿ ತರಂಗಂಬಾಡಿಯಲ್ಲಿ ಆರಂಭವಾದ ಮಾತುಕತೆ ಮೂರು ದಶಕ ನಡೆದು, 1947ರ ಸೆಪ್ಟೆಂಬರ್ 27ರಂದು ಮದ್ರಾಸಿನಲ್ಲಿ ಆಂಗ್ಲಿಕನ್ನರು, ಬ್ರಿಟಿಷ್ ಮೂಲದ ಮೆಥಡಿಸ್ಟರು, ಪ್ರೆಸ್ಬಿಟೇರಿಯನ್ನರು, ಕಾಂಗ್ರಿಗೇಷನಲ್ ಸಭೆಯವರು ಸೇರಿ ದಕ್ಷಿಣ ಭಾರತ ಸಭೆ, ಅಂದರೆ ಸಿ.ಎಸ್.ಐ. ಆದರು. ಬೆಂಗಳೂರಿನ ಸೇಂಟ್ ಮಾರ್ಕ್ಸ್ ಕ್ಯಾಥೆಡ್ರಲ್ ಆಂಗ್ಲಿಕನ್ನರದಾಗಿತ್ತು, ಕಾರ್ಪೊರೇಷನ್ ಬಳಿಯ ಹಡ್ಸನ್ ಚರ್ಚು ವೆಸ್ಲಿಯನ್ ಮೆಥಡಿಸ್ಟರದಾಗಿತ್ತು. ಇಂದು ಎರಡೂ ಒಂದೇ ಸಭೆಯವು, ಅಲ್ಲಿಂದಿಲ್ಲಿಗೆ ಹೋಗುವ ಭಕ್ತರಿಗೆ ತಾವೊಂದು ಗಡಿ ದಾಟುತ್ತಿದ್ದೇವೆ ಎಂಬ ಅರಿವೂ ಇರುವುದಿಲ್ಲ. ಹಡ್ಸನ್ ಚರ್ಚಿನಲ್ಲಿ ಬೆಳೆದ ಒಬ್ಬರು ಲಿವರ್‌ಪೂಲ್‌ನಲ್ಲಿ ನೆಲೆಸಿದರೆ, ಊರಿನಲ್ಲಿ ಒಂದೇ ಆಗಿದ್ದ ತಮ್ಮ ಸಭೆ ಇಲ್ಲಿ ಎರಡಾಗಿ ಅಕ್ಕಪಕ್ಕ ನಡೆಯುವುದನ್ನು ನೋಡಬೇಕಾಗುತ್ತದೆ. ಯಾವ ಸಾಲಿನಲ್ಲಿ ಸೇರಿಕೊಳ್ಳಲಿ ಎಂಬುದು ಅವರಿಗೆ ನಿಜವಾದ ಸಮಸ್ಯೆ.

ಹಬ್ಬದ ದಿನ ಆಗದಿದ್ದರೆ ಬೇರೆ ದಿನ ಒಬ್ಬರೇ ನಡೆಯಬಹುದೇ?

ಧಾರಾಳವಾಗಿ. ಕಥೋಲಿಕ ಕ್ಯಾಥೆಡ್ರಲಿನ ಮೆಟ್ಟಿಲಿಂದ ಹೊರಡುವುದು ನನಗೆ ಮೆಚ್ಚು, ಏಕೆಂದರೆ ಎದುರಿಗೆ ಬೀದಿಯ ಕೊನೆಯಲ್ಲಿ ಇನ್ನೊಂದರ ಕೆಂಪು ಗೋಪುರ ದಾರಿಯುದ್ದಕ್ಕೂ ಕಣ್ಣ ಮುಂದೆ ಇರುತ್ತದೆ. ನಡುದಾರಿಯಲ್ಲಿ ಕಂಚಿನ ಎರಡು ಬಾಗಿಲುಗಳು ನಿಂತಿವೆ, ಸುಮಾರು 15 ಅಡಿ ಎತ್ತರ. ಸಾರ್ವಜನಿಕರ ವಂತಿಗೆಯಿಂದ ನಿರ್ಮಿಸಿ 2008ರ ಪಂಚಾಶತ್ತಮ ಹಬ್ಬದಂದು ಅನಾವರಣ ಮಾಡಿದ ಶೆಪರ್ಡ್ ಮತ್ತು ವರ್ಲಾಕ್ ಅವರ ಸ್ಮಾರಕ ಅದು, ಶಿಲ್ಪಿ ಸ್ಟೀಫನ್ ಬ್ರಾಡ್‌ಬೆಂಟ್. ಒಂದೊಂದು ಬಾಗಿಲಿನ ಮೇಲೆ ಒಬ್ಬೊಬ್ಬರು, ಜೊತೆಗೆ ಅವರ ಬಗ್ಗೆ ಬಂದ ಪತ್ರಿಕಾ ಸುದ್ದಿಗಳ ತುಣುಕುಗಳು. ಪೇಪರಿನೊಳಗೇ ಇರುತ್ತಾರೆ ಎಂಬ ಹಳೆಯ ತಮಾಷೆಯನ್ನು ಕಂಚಿನಲ್ಲಿ ಎರಕ ಹೊಯ್ದಂತಿದೆ. ಎರಡು ಬಾಗಿಲುಗಳ ನಡುವಿನ ಜಾಗದಲ್ಲಿ ಜನ ದಿನವೂ ಓಡಾಡುತ್ತಾರೆ.

ಮುಂದೆ ಮೌಂಟ್ ಸ್ಟ್ರೀಟ್ ಕೂಡುವಲ್ಲಿ ಕಾಲುದಾರಿಯ ಮೇಲೆ ಸೂಟ್‌ಕೇಸು, ಟ್ರಂಕು, ಗಿಟಾರ್ ಪೆಟ್ಟಿಗೆ ಮುಂತಾದವನ್ನು ಯಾರೋ ಇಳಿಸಿಟ್ಟು ಹೋದಂತೆ ರಾಶಿ ಬಿದ್ದಿರುತ್ತದೆ. ಮುಟ್ಟಿದರೆ ಎಲ್ಲವೂ ಕಾಂಕ್ರೀಟು. ಹಡಗಿನಿಂದ ಇಳಿದ ಲಕ್ಷಾಂತರ ಜನರ ಊರಿನಲ್ಲಿ ಅದು ಕಲಾಕೃತಿಯೋ ಲಗೇಜೋ ಎಂದು ಹೊಸಬರಿಗೆ ಒಂದು ಕ್ಷಣ ಅನುಮಾನವಾಗುತ್ತದೆ. ಅಲ್ಲಿಂದ ಮುಂದೆ ಹೋಗಿ ಆಂಗ್ಲಿಕನ್ ಕ್ಯಾಥೆಡ್ರಲಿನ ಪಶ್ಚಿಮದ ಬಾಗಿಲ ಬಳಿ ಬಂದಾಗ ಕೂಡಲೇ ಒಳಗೆ ಹೋಗಬೇಡಿ, ಹೊರಗೆ ನೆಲವನ್ನು ನೋಡಿ. ಕಟ್ಟಡ ಮುಗಿಯುವುದಕ್ಕೆ 18 ವರ್ಷ ಮೊದಲೇ, 1960ರಲ್ಲಿ ತೀರಿಕೊಂಡ ಕಥೋಲಿಕ ವಾಸ್ತುಶಿಲ್ಪಿ ಸ್ಕಾಟ್ ತಮ್ಮ ಹೆಂಡತಿಯೊಡನೆ ಅಲ್ಲಿ, ತಾವು ಕಟ್ಟಿದ ಬಾಗಿಲಿನ ಹೊರಗೆ, ಮಣ್ಣಾಗಿದ್ದಾರೆ.